ಗ್ರಾಹಕರು ಮೇಲ್ ಮಾಡಿದ ಫೈಲ್ ಓಪನ್ ಆಗ್ತಿಲ್ವಾ? ಅಂಗಡಿಯವರು ಹೀಗೆ ಮಾಡಿ

ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಪ್ರಿಂಟಿಂಗ್ ಪ್ರೆಸ್ ಎಲ್ಲಿಗೆ ಹೋದರೂ ಈ ಮಾತು ಕೇಳುತ್ತದೆ: ‘ಮೇಲ್ ಬಂದಿದೆ, ಫೈಲ್ ಓಪನ್ ಆಗ್ತಿಲ್ಲ’. ಅರ್ಜಿಗೆ ಅಂದೇ ಕೊನೆಯ ದಿನವಾಗಿದ್ದರೆ ಗ್ರಾಹಕರಿಗೆ ಪರದಾಟ, ಅಂಗಡಿಗೆ ಕೆಲಸ ನಷ್ಟ. ಆದರೆ ಬಹಳಷ್ಟು ಸಲ ಫೈಲ್ ಹಾಳಾಗಿರುವುದಿಲ್ಲ. ಅದನ್ನು ತೆರೆಯುವ ಸಾಫ್ಟ್‌ವೇರ್ ಅಥವಾ ಫಾಂಟ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಇರುವುದಿಲ್ಲ, ಅಷ್ಟೆ.

ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಬಂದರೆ

ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್‌ಗಳಲ್ಲಿ ಈ ತೊಂದರೆ ಹೆಚ್ಚು. ಅದೇ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಯಾವ ಫಾಂಟ್ ಎಂದು ಗ್ರಾಹಕರನ್ನೇ ಕೇಳಿ, ಅದನ್ನು ಹಾಕಿಕೊಂಡರೆ ಅಕ್ಷರ ಸರಿಯಾಗುತ್ತದೆ. ಇಲ್ಲವೇ ಕನ್ವರ್ಟರ್ ಬಳಸಿ ಯೂನಿಕೋಡ್‌ಗೆ ಬದಲಿಸಬಹುದು.

ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಲೇಬೇಕು. ನಡುವೆ ಇರುವ ಇಂಗ್ಲಿಷ್ ಪದಗಳೂ ಕಲಸುಮೇಲೋಗರ ಆಗಬಹುದು. ಮದುವೆ ಕಾರ್ಡ್‌ನಲ್ಲಿ ಹೆಸರು ತಪ್ಪಾದರೆ ಇಡೀ ಕಟ್ಟು ಮತ್ತೆ ಪ್ರಿಂಟ್ ಹಾಕಬೇಕಾಗುತ್ತದೆ. ಹಾಗಾಗಿ ಮೂಲ ಫೈಲ್ ಜತೆ ಪಿಡಿಎಫ್ ಕೂಡ ತರಿಸಿಕೊಳ್ಳಿ. ಪಿಡಿಎಫ್‌ನಲ್ಲಿ ಸಾಮಾನ್ಯವಾಗಿ ಫಾಂಟ್ ಸೇರಿಕೊಂಡೇ ಇರುವುದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಹುದು.

ಉಳಿದ ಫೈಲ್‌ಗಳಿಗೆ

* ವರ್ಡ್: ಹೆಸರು ‘ಡಿಒಸಿಎಕ್ಸ್’ ಎಂದು ಮುಗಿದರೆ ಅದು ಆಫೀಸ್ 2007ರಿಂದ ಬಂದ ರೂಪ. ಹಳೆಯ ವರ್ಡ್‌ನಲ್ಲಿ ತೆರೆಯದಿದ್ದರೆ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಸಾಲು, ಟೇಬಲ್ ಜರುಗಿವೆಯೇ ನೋಡಿ.

* ಐಫೋನ್ ಫೋಟೊ: ‘ಎಚ್‌ಇಐಸಿ’ ಎಂದಿದ್ದರೆ ಜೆಪಿಜಿ ಮಾಡಿ ಕಳಿಸಲು ಹೇಳಿ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದೆ ತೆಗೆಯುವ ಫೋಟೊಗಳು ಜೆಪಿಜಿ ಆಗಿಯೇ ಇರುತ್ತವೆ.

* ಕೋರಲ್ ಡ್ರಾ: ಹೊಸ ವರ್ಷನ್‌ನ ಫೈಲ್ ಹಳೆಯದರಲ್ಲಿ ತೆರೆಯುವುದಿಲ್ಲ. ಹಳೆಯ ವರ್ಷನ್‌ಗೆ ಸೇವ್ ಮಾಡಿ, ಅಕ್ಷರಗಳನ್ನು ಕರ್ವ್ಸ್‌ಗೆ ಬದಲಿಸಿ ಕಳಿಸಲು ಹೇಳಿ. ಆಗ ಫ್ಲೆಕ್ಸ್‌ಗೆ ಫಾಂಟ್ ಬೇಕಾಗುವುದಿಲ್ಲ. ಆದರೆ ಕರ್ವ್ಸ್ ಆದ ಅಕ್ಷರವನ್ನು ಮತ್ತೆ ಟೈಪ್ ಮಾಡಿ ತಿದ್ದಲಾಗದು.

* ಇ-ಆಧಾರ್: ಪಾಸ್‌ವರ್ಡ್ ಕೇಳಿದರೆ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ಕ್ಯಾಪಿಟಲ್‌ನಲ್ಲಿ, ನಂತರ ಹುಟ್ಟಿದ ವರ್ಷ. ಪ್ರಿಂಟ್ ಆದ ಕೂಡಲೇ ಫೈಲ್ ಡಿಲೀಟ್ ಮಾಡಿ.

ಇದನ್ನು ಮಾತ್ರ ಒತ್ತಬೇಡಿ

‘ಫೈಲ್ ನೋಡಲು ಈ ಸಾಫ್ಟ್‌ವೇರ್ ಹಾಕಿಕೊಳ್ಳಿ’ ಎಂದು ಮೇಲ್‌ನಲ್ಲಿದ್ದರೆ, ಅಥವಾ ಫೈಲ್ ಹೆಸರು ಇಎಕ್ಸ್‌ಇ, ಎಪಿಕೆ ಎಂದು ಮುಗಿದರೆ ಕ್ಲಿಕ್ ಮಾಡಲೇಬೇಡಿ. ಪರಿಚಿತರ ಹೆಸರಿನಲ್ಲಿ ಬಂದಿದ್ದರೂ ಮೊದಲು ಅವರಿಗೆ ಫೋನ್ ಮಾಡಿ ಕೇಳಿ. ಬಿಲ್ಲಿಂಗ್, ಬ್ಯಾಂಕ್ ಕೆಲಸ ಎಲ್ಲವೂ ಅದೇ ಕಂಪ್ಯೂಟರ್‌ನಲ್ಲಿ ನಡೆಯುವ ಅಂಗಡಿಗೆ ಒಂದು ಕ್ಲಿಕ್ ಸಾಕು, ದುಡ್ಡು ಹೋಗುತ್ತದೆ.

ಕೌಂಟರ್ ಮೇಲೆ ಹೀಗೊಂದು ಚೀಟಿ ಅಂಟಿಸಿದರೆ ಅರ್ಧ ಕಿರಿಕಿರಿ ತಪ್ಪುತ್ತದೆ: ‘ಪ್ರಿಂಟ್‌ಗೆ ಪಿಡಿಎಫ್ ಕಳಿಸಿ. ಫೋಟೊ ಆದ್ರೆ ಜೆಪಿಜಿ. ತಿದ್ದೋದಿದ್ರೆ ಮೂಲ ಫೈಲ್, ಪಿಡಿಎಫ್ ಎರಡೂ ಕಳಿಸಿ.’