"ಇ-ಖಾತಾ ಆಗಿದೆಯಾ?"

ಮಂಗಳೂರಿನ ನಂತೂರು ದಾಟಿ ಮೂಡುಬಿದಿರೆಯ ದಾರಿ ಹಿಡಿದರೆ ಸ್ವಲ್ಪದರಲ್ಲೇ ಬಿಕರ್ನಕಟ್ಟೆ. ಬಾಲಯೇಸುವಿನ ಪುಣ್ಯಕ್ಷೇತ್ರವಿರುವ ಗುಡ್ಡ, ಕೈಕಂಬದ ಅಂಗಡಿಸಾಲು, ಹೆಂಚಿನ ಮನೆಗಳ ಪಕ್ಕದಲ್ಲೇ ಎದ್ದ ಅಪಾರ್ಟ್‌ಮೆಂಟುಗಳು. ಸಾಣೂರಿನವರೆಗಿನ 45 ಕಿ.ಮೀ. ಚತುಷ್ಪಥ ರಸ್ತೆ ಶುರುವಾಗುವುದೂ ಈ ಭಾಗದಿಂದಲೇ. ಹಾಗಾಗಿ ಜಾಗದ ಸುದ್ದಿಗೆ ಇಲ್ಲಿ ಬರವಿಲ್ಲ. ಮೊದಲೆಲ್ಲ ಆ ಮಾತು "ಸೆಂಟ್ಸಿಗೆ ಎಷ್ಟು?" ಎಂಬಲ್ಲಿಂದ ಶುರುವಾಗುತ್ತಿತ್ತು. ಈಗ ಅದಕ್ಕೂ ಮುಂಚೆ, ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆಯ ಬಗ್ಗೆ ಕೇಳಿಬರುವುದು "ಇ-ಖಾತಾ ಆಗಿದೆಯಾ?"

ಈ ಪ್ರಶ್ನೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ.

ಕರಾವಳಿಯಲ್ಲಿ ಐದು ಸೆಂಟ್ಸಿನ ಹಳೇ ಮನೆಯ ಕಡತವೂ ದಪ್ಪವಾಗಿರುತ್ತದೆ. ಕೆಲವು ಜಾಗ ಮೂಲಗೇಣಿಯದು: ಒಕ್ಕಲು ತಲೆಮಾರುಗಳಿಂದ ಅಲ್ಲೇ ಇದ್ದರೂ ಮೂಲ ಒಡೆತನ ಇನ್ನೊಬ್ಬರ ಹೆಸರಿನಲ್ಲಿ. ಆ ಒಕ್ಕಲುಗಳಿಗೆ ಹಕ್ಕು ಕೊಡಲೆಂದು 2011ರಲ್ಲಿ ವಿಧಾನಮಂಡಲ ಮಾಡಿದ ಕಾಯ್ದೆಯೂ ಕೋರ್ಟು ಮೆಟ್ಟಿಲೇರಿತು. ಇನ್ನು ಕೆಲವು ಜಾಗಗಳ ಮೂಲ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಲ್ಲಿದೆ. ಭೂನ್ಯಾಯ ಮಂಡಳಿಯ ಆದೇಶವೇ ಅವುಗಳ ಮೊದಲ ಕಾಗದ. ಅದರ ಮೇಲೆ ಅಣ್ಣತಮ್ಮಂದಿರ ಪಾಲುಪಟ್ಟಿ, ಕನ್ವರ್ಷನ್ ಆದೇಶ, ಕ್ರಯಪತ್ರ, ಪಾಲಿಕೆಯ ಡೋರ್ ನಂಬರ್, ತೆರಿಗೆ ರಸೀದಿ. ಒಂದರಲ್ಲಿ ಅಜ್ಜನ ಹೆಸರಿನ ಇನಿಷಿಯಲ್ ಒಂದು ಬಗೆ, ಇನ್ನೊಂದರಲ್ಲಿ ಬೇರೆ. ಆರ್‌ಟಿಸಿಯಲ್ಲಿ ಐದು ಸೆಂಟ್ಸ್ ಎಂದಿದ್ದರೆ ಅಳತೆಯಲ್ಲಿ ನಾಲ್ಕೂ ಮುಕ್ಕಾಲು. ಇಷ್ಟು ಕಾಲ ಇವು ಪೆಟ್ಟಿಗೆಯೊಳಗೆ ಸುಮ್ಮನಿದ್ದವು. ಕೊಳ್ಳುವವನಿಗೂ ಮಾರುವವನಿಗೂ ಪರಸ್ಪರ ನಂಬಿಕೆ ಇದ್ದರೆ ವ್ಯವಹಾರ ಮುಗಿಯುತ್ತಿತ್ತು.

ನಂಬಿಕೆಯನ್ನು ದುರುಪಯೋಗ ಮಾಡಿಕೊಂಡವರೂ ಇದ್ದರು. ಒಂದೇ ಸೈಟು ಇಬ್ಬರಿಗೆ ಮಾರಾಟ, ಸತ್ತವರ ಹೆಸರಿನಲ್ಲಿ ರುಜು ಇವೆಲ್ಲ ರಾಜ್ಯದಾದ್ಯಂತ ನಡೆದವು. ಅದಕ್ಕೆ ಸರ್ಕಾರ ಹುಡುಕಿದ ಮದ್ದು ಡಿಜಿಟಲ್ ದಾಖಲೆ. ನಗರದ ಆಸ್ತಿಗಳಿಗೆ ಪ್ರಾಪರ್ಟಿ ಕಾರ್ಡ್ ಕೊಡುವ 'ಯುಪಿಒಆರ್' ಯೋಜನೆಗೆ ಮೊದಲು ಆಯ್ದ ಐದು ನಗರಗಳಲ್ಲಿ ಮಂಗಳೂರೂ ಒಂದು. ಮೈಸೂರು, ಶಿವಮೊಗ್ಗ, ಬಳ್ಳಾರಿ, ಹುಬ್ಬಳ್ಳಿ-ಧಾರವಾಡ ಉಳಿದವು. ಇಲ್ಲಿ ಕಾರ್ಡ್ ಕಡ್ಡಾಯ ಎಂಬ ಗಡುವು ಒಂದಕ್ಕಿಂತ ಹೆಚ್ಚು ಸಲ ಬಂತು, ಜನರ ಆಕ್ಷೇಪಕ್ಕೆ ಮುಂದಕ್ಕೂ ಹೋಯಿತು.

2023ರಲ್ಲಿ ಆಸ್ತಿ ನೋಂದಣಿಗೆ ಕಾವೇರಿ 2.0 ತಂತ್ರಾಂಶ ಬಂತು. ದಸ್ತಾವೇಜನ್ನು ಮೊದಲೇ ಅಪ್‌ಲೋಡ್ ಮಾಡಿ, ಶುಲ್ಕ ಆನ್‌ಲೈನಲ್ಲಿ ಕಟ್ಟಿ, ಗೊತ್ತಾದ ಹೊತ್ತಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಸಾಕು. 2024ರ ಸೆಪ್ಟೆಂಬರಿನಿಂದ ಜಿಲ್ಲೆಯ ಯಾವ ನೋಂದಣಿ ಕಚೇರಿಯಾದರೂ ಆದೀತು. ಇವೆರಡೂ ನಿಜಕ್ಕೂ ಅನುಕೂಲ. ಆದರೆ ಮರುತಿಂಗಳೇ, ಅಕ್ಟೋಬರಿನಲ್ಲಿ, ರಾಜ್ಯದ ನಗರ ಪ್ರದೇಶಗಳಲ್ಲೆಲ್ಲ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ ಎಂಬ ನಿಯಮ ಬಂತು. ಐವತ್ತು ವರ್ಷದ ಕಾಗದಗಳ ವ್ಯತ್ಯಾಸವೆಲ್ಲ, ಮನೆ ಮಾರಲು ಹೊರಟ ವಾರದಲ್ಲೇ ಸರಿಪಡಿಸಬೇಕಾಯಿತು. ಮಗಳ ಮದುವೆ, ಮಗನ ಕಾಲೇಜು ಫೀಸು, ಆಸ್ಪತ್ರೆ ಎಂದು ತುರ್ತಿಗೆ ಮಾರುವವರಿಗೆ ಇದು ಬಿಸಿತುಪ್ಪ. ನಿಯಮದ ಉದ್ದೇಶ ಸರಿ. ಆದರೆ ಪಾಲಿಕೆಗಳು ಖಾತೆಗಳನ್ನು ತಯಾರಿಟ್ಟುಕೊಂಡ ಮೇಲೆ ಕಡ್ಡಾಯ ಮಾಡಬೇಕಿತ್ತು. ಆದದ್ದು ತಿರುಗುಮುರುಗು.

ಇದರ ನಡುವೆ ಖರ್ಚೂ ಏರಿತು. 2023ರ ಅಕ್ಟೋಬರ್ 1ರಂದು ಮಾರ್ಗಸೂಚಿ ದರ ಪರಿಷ್ಕರಣೆಯಾಯಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಒಟ್ಟು ಶೇ 6.6 ಇದ್ದದ್ದು ಶೇ 7.6 ಆಯಿತು. 50 ಲಕ್ಷ ರೂಪಾಯಿಯ ಮನೆಗೆ 3.30 ಲಕ್ಷದ ಜಾಗದಲ್ಲಿ 3.80 ಲಕ್ಷ. ಈ ಹಣ ಸಾಲದಲ್ಲಿ ಸಿಗುವುದಿಲ್ಲ. 10 ಲಕ್ಷ ಮೀರಿದ ಮನೆಗೆ ನೋಂದಣಿ ಖರ್ಚನ್ನು ಬೆಲೆಯಲ್ಲಿ ಸೇರಿಸುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ 80 ಮಿತಿ. ಅಂದರೆ 40 ಲಕ್ಷ ಸಾಲ ಸಿಕ್ಕರೂ ಕೈಯಿಂದ ಹಾಕಬೇಕಾದದ್ದು ಸುಮಾರು 14 ಲಕ್ಷ. ಮುದ್ರಾಂಕ ರಿಯಾಯಿತಿ ಇರುವುದು 45 ಲಕ್ಷದೊಳಗಿನ ಹೊಸ ಫ್ಲ್ಯಾಟುಗಳ ಮೊದಲ ನೋಂದಣಿಗೆ. ಹಳೇ ಹೆಂಚಿನ ಮನೆ ಕೊಳ್ಳುವವರಿಗೆ ಅದೂ ಇಲ್ಲ. ಮೊದಲ ಮನೆ ಕೊಳ್ಳುವವರಿಗಾದರೂ ಹಳೇ ನೋಂದಣಿ ಶುಲ್ಕವನ್ನೇ ಉಳಿಸಬಹುದಿತ್ತು.

ಸಾಲದ ಕತೆಯಲ್ಲಿ ಮಂಗಳೂರಿಗೆ ಸ್ವಂತದ ಅಧ್ಯಾಯವಿದೆ. ಇದು ಬ್ಯಾಂಕುಗಳ ತವರು. 1931ರಲ್ಲಿ ಇಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಲೀನವಾದವು. ಪರಿಚಯದ ಬ್ಯಾಂಕಿನಲ್ಲಿ ಮನೆಪತ್ರ ಅಡವಿಟ್ಟವರು ಬೋರ್ಡು ಬದಲಾದ ಶಾಖೆಗೆ ಕಂತು ಕಟ್ಟತೊಡಗಿದರು.

ಬೋರ್ಡಿಗಿಂತ ದೊಡ್ಡ ಬದಲಾವಣೆ ಬಡ್ಡಿಯಲ್ಲಾಯಿತು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಗೃಹಸಾಲಗಳು ರಿಸರ್ವ್ ಬ್ಯಾಂಕಿನ ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾದವು. ರೆಪೊ ಶೇ 4 ಇದ್ದಾಗ ಶೇ 6.5ರಲ್ಲಿ 20 ವರ್ಷಕ್ಕೆ 40 ಲಕ್ಷ ಸಾಲ ಮಾಡಿದ್ದರೆ ಕಂತು ಸುಮಾರು 29,800 ರೂಪಾಯಿ. 2023ರ ಫೆಬ್ರುವರಿಗೆ ರೆಪೊ ಶೇ 6.5ಕ್ಕೆ ಏರಿ ಸಾಲದ ಬಡ್ಡಿ ಶೇ 9 ಆದಾಗ, 40 ಲಕ್ಷಕ್ಕೆ ತಿಂಗಳ ಬಡ್ಡಿಯೇ 30,000. ಹಳೇ ಕಂತನ್ನೇ ಇಟ್ಟುಕೊಂಡರೆ ಅಸಲು ಕರಗುವುದೇ ಇಲ್ಲ. ಆದ್ದರಿಂದಲೇ ರಿಸರ್ವ್ ಬ್ಯಾಂಕ್ ಅದೇ ವರ್ಷದ ಆಗಸ್ಟಿನಲ್ಲಿ ಹೇಳಿತು: ದರ ಬದಲಾದಾಗ ಕಂತು ಹೆಚ್ಚಿಸುವುದೋ, ಅವಧಿ ಹಿಗ್ಗಿಸುವುದೋ, ಆಯ್ಕೆ ಸಾಲಗಾರನದು; ಕಂತು ಬಡ್ಡಿಗಿಂತ ಕಡಿಮೆಯಾಗಕೂಡದು. ಆ ವರ್ಷ ಡಿಸೆಂಬರಿನಿಂದ ಇನ್ನೊಂದು ಬಲ ಸಿಕ್ಕಿತು. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ಮರಳಿಸದಿದ್ದರೆ, ತಡ ಬ್ಯಾಂಕಿನದಾದಲ್ಲಿ ದಿನಕ್ಕೆ 5,000 ರೂಪಾಯಿ ಪರಿಹಾರ. 2025ರಲ್ಲಿ ರೆಪೊ ಇಳಿಯುತ್ತ ಡಿಸೆಂಬರಿಗೆ ಶೇ 5.25ಕ್ಕೆ ಬಂತು.

ಮಾರುವವರಿಗೆ 2024ರ ಜುಲೈ 23ರ ಬಜೆಟ್ ಲೆಕ್ಕವನ್ನೇ ಬದಲಿಸಿತು. ದೀರ್ಘಾವಧಿ ಲಾಭದ ತೆರಿಗೆ ಶೇ 12.5, ಹಣದುಬ್ಬರದ ವಿನಾಯಿತಿ ರದ್ದು. ವಿರೋಧ ಬಂದ ಮೇಲೆ, ಆ ದಿನಕ್ಕೆ ಮೊದಲು ಕೊಂಡ ಆಸ್ತಿಗೆ ಹಳೇ ಶೇ 20ರ ಲೆಕ್ಕವನ್ನೂ ಆರಿಸಿಕೊಳ್ಳಬಹುದೆಂದಾಯಿತು. ಆದರೆ ಆ ಆಯ್ಕೆ ದೇಶದಲ್ಲಿ ವಾಸವಿರುವವರಿಗೆ ಮಾತ್ರ. ದುಬೈ, ಕುವೈತ್, ದಮ್ಮಾಮ್‌ಗಳಲ್ಲಿ ದುಡಿದು ಊರಿನಲ್ಲಿ ಮನೆ ಕಟ್ಟಿಸಿದ ಅನಿವಾಸಿಗಳಿಗೆ ಇಲ್ಲ. ಅಂಥ ಕುಟುಂಬಗಳು ಬಿಕರ್ನಕಟ್ಟೆಯಂಥ ಊರುಗಳಲ್ಲಿ ಎಷ್ಟಿವೆ ಎಂದು ಬಲ್ಲವರಿಗೆ ಇದು ಅನ್ಯಾಯವೆಂದೇ ಕಾಣುತ್ತದೆ.

ಈಗಲೇ ಮಾರುವ ಯೋಚನೆ ಇಲ್ಲದವರೂ ಒಂದು ಕೆಲಸ ಮಾಡಿಡಬೇಕು. ಕಪಾಟಿನ ಕಡತ ಹೊರತೆಗೆದು ಹೆಸರು, ಅಳತೆ, ಗಡಿ ತಾಳೆ ನೋಡಿ, ಇ-ಖಾತಾಕ್ಕೆ ಅರ್ಜಿ ಹಾಕಿಬಿಡಿ. ಪಾಲು ಮಾಡಿಕೊಟ್ಟ ಹಿರಿಯರು ಇನ್ನೂ ಇದ್ದರೆ, ಬೇಕಾದ ರುಜುಗಳನ್ನು ಮೊದಲು ಅವರಿಂದ ಪಡೆದುಕೊಳ್ಳಿ.