ಮೊಲೆಹಾಲಿನಿಂದ ತಟ್ಟೆಯೂಟಕ್ಕೆ: ನಾಯಿಮರಿಗಳ ಮೊದಲ ಎಂಟು ವಾರ

ನವಿ ಮುಂಬಯಿಯ ಕಳಂಬೋಲಿಯಲ್ಲಿ ಬೀದಿನಾಯಿಗೆ ಮರಿ ಹಾಕಲು ಮೂಲೆ ಸಿಗುವುದು ಕಷ್ಟವಲ್ಲ. ಉಕ್ಕಿನ ಮಾರುಕಟ್ಟೆಯ ಗೋದಾಮುಗಳ ಹಿಂಬದಿ, ಸರಕಿಗೆ ಕಾದು ನಿಂತ ಲಾರಿಗಳ ಅಡಿ, ನಗರ ನಿರ್ಮಾಣ ಸಂಸ್ಥೆ ಸಿಡ್ಕೋ ಕಟ್ಟಿದ ಕಾಲನಿಗಳ ಮೆಟ್ಟಿಲ ಸಂದಿ, ಹೋಟೆಲುಗಳ ಹಿತ್ತಿಲು ಎಲ್ಲವೂ ಅದಕ್ಕೆ ಒದಗುತ್ತವೆ. ಮಳೆಗಾಲ ಕಳೆದು ಚಳಿ ಕಾಲಿಡುವ ತಿಂಗಳುಗಳಲ್ಲಿ ನಮ್ಮ ಬೀದಿನಾಯಿಗಳು ಹೆಚ್ಚಾಗಿ ಮರಿ ಹಾಕುತ್ತವೆ. ಮರಿಗಳು ಕಣ್ಣುಬಿಟ್ಟು ತಡವರಿಸುತ್ತ ಹೊರಗೆ ಬಂದ ದಿನವೇ ಸುತ್ತಲಿನವರ ಕೈ ಅವುಗಳತ್ತ ಚಾಚುತ್ತದೆ. ಮಕ್ಕಳು ಗ್ಲೂಕೋಸ್ ಬಿಸ್ಕತ್ತು ಹಾಕುತ್ತಾರೆ, ವಾಚ್‌ಮನ್ ಚಹಾದ ಹಾಲು ಸುರಿಯುತ್ತಾನೆ, ಹೋಟೆಲಿನವರು ಉಳಿದ ಸಾಂಬಾರನ್ನ ಇಡುತ್ತಾರೆ. ಕೆಲವರು ಮುದ್ದಾದ ಮರಿಯೊಂದನ್ನು ಎತ್ತಿಕೊಂಡು ಮನೆಗೇ ಹೋಗುತ್ತಾರೆ.

ಪ್ರೀತಿ ಇದೆ. ಅದಕ್ಕೆ ತಿಳಿವಳಿಕೆಯೂ ಸೇರಬೇಕು. ಮರಿ ತಿನ್ನಲು ಕಲಿಯುವುದು ಬೇರೆ, ತಾಯಿಯನ್ನು ಬಿಡುವುದು ಬೇರೆ ಎಂಬುದೇ ಈ ಅಧ್ಯಾಯದ ಮುಖ್ಯ ಮಾತು. ತಿನ್ನುವ ಕಲಿಕೆ ಮೂರು-ನಾಲ್ಕು ವಾರಕ್ಕೆ ಶುರುವಾಗುತ್ತದೆ. ತಾಯಿಯನ್ನು ಬಿಡಲು ಕನಿಷ್ಠ ಎಂಟು ವಾರ ಬೇಕು. ನಡುವಿನ ಈ ಒಂದು ತಿಂಗಳನ್ನು ನಾವು ಆತುರದಿಂದ ಕತ್ತರಿಸಿಬಿಟ್ಟರೆ ಮರಿ ಸೊರಗುತ್ತದೆ, ಎಷ್ಟೋ ಸಲ ಸಾಯುತ್ತದೆ.

ತಾಯಿಯ ಹಾಲಿಗೆ ಹಸುವಿನ ಹಾಲು ಸಾಟಿಯಲ್ಲ

ನಾಯಿಯ ಗರ್ಭಕಾಲ ಸುಮಾರು 63 ದಿನ. ಹುಟ್ಟುವಾಗ ಮರಿಗೆ ಕಣ್ಣು ಕಾಣದು, ಕಿವಿ ಕೇಳದು. 10ರಿಂದ 14 ದಿನದೊಳಗೆ ಕಣ್ಣು ತೆರೆಯುತ್ತದೆ, ಅದರ ಹಿಂದೆಯೇ ಕಿವಿ. ಅಲ್ಲಿಯವರೆಗೆ ಅದರ ಅನ್ನ, ನೀರು, ಔಷಧಿ ಎಲ್ಲವೂ ತಾಯಿಯ ಹಾಲೇ. ಮೊದಲ ದಿನದ ಗಿಣ್ಣುಹಾಲು ರೋಗ ತಡೆಯುವ ಶಕ್ತಿಯನ್ನೂ ಕೊಡುತ್ತದೆ.

ನಾಯಿಯ ಹಾಲು ಬಲು ಗಟ್ಟಿ. ಅದರಲ್ಲಿ ಕೊಬ್ಬು ನೂರಕ್ಕೆ ಸುಮಾರು 9 ಭಾಗ, ಪ್ರೋಟೀನು 7ರಿಂದ 8 ಭಾಗ. ಹಸುವಿನ ಹಾಲಿನಲ್ಲಿ ಕೊಬ್ಬು ಸುಮಾರು 4, ಪ್ರೋಟೀನು 3ಕ್ಕಿಂತ ತುಸು ಹೆಚ್ಚು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮಾತ್ರ ಹಸುವಿನ ಹಾಲಿನಲ್ಲೇ ಹೆಚ್ಚು. ಹೊಟ್ಟೆ ತುಂಬ ಹಸುವಿನ ಹಾಲು ಕುಡಿದರೂ ಮರಿಗೆ ಬೇಕಾದ ಶಕ್ತಿ ಅರ್ಧದಷ್ಟೇ ಸಿಗುತ್ತದೆ, ಅರಗದ ಸಕ್ಕರೆಯಿಂದ ಭೇದಿಯೂ ಶುರುವಾಗುತ್ತದೆ. ಅಂಗೈಯಗಲದ ಮರಿಗೆ ಒಂದು ದಿನದ ಭೇದಿಯೇ ಪ್ರಾಣಕ್ಕೆ ಸಂಚಕಾರ. ತಾಯಿ ಸತ್ತ ಮರಿಗಳಿಗೆ ನಾಯಿಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಔಷಧಿ ಅಂಗಡಿಯಲ್ಲಿ, ಪ್ರಾಣಿಗಳ ದವಾಖಾನೆಯಲ್ಲಿ ಸಿಗುತ್ತದೆ. ಅದನ್ನು ಉಗುರುಬೆಚ್ಚಗೆ ಕಲಸಿ, ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿ ಕುಡಿಸಬೇಕು. ಮಗುವಿನಂತೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮೂರರಿಂದ ನಾಲ್ಕನೆಯ ವಾರದಲ್ಲಿ ತಾಯಿಗೆ ಹಾಲು ಅತಿ ಹೆಚ್ಚು ಬರುತ್ತದೆ. ಅದೇ ಹೊತ್ತಿಗೆ ಮರಿಗಳ ಹಾಲುಹಲ್ಲು ಮೂಡತೊಡಗುತ್ತವೆ, ಒಟ್ಟು 28. ಮರಿಗಳ ಹಸಿವು ದಿನದಿನಕ್ಕೆ ಬೆಳೆಯುತ್ತದೆ, ಹಾಲು ಅದರ ಜೊತೆ ಬೆಳೆಯಲಾರದು. ಚೂಪು ಹಲ್ಲು, ಉಗುರು ತಾಕಿ ಮೊಲೆ ನೋಯುತ್ತದೆ. ಮೊದಲು ಮಲಗಿ ಹಾಲೂಡುತ್ತಿದ್ದ ತಾಯಿ ಈಗ ನಿಂತೇ ಕುಡಿಸುತ್ತದೆ, ಅರ್ಧಕ್ಕೇ ಬಿಟ್ಟು ಹೋಗುತ್ತದೆ. ಹೊರಗಿನ ಊಟಕ್ಕೆ ಸಮಯವಾಯಿತು ಎಂದು ತಾಯಿ ತೋರಿಸುವ ಗುರುತು ಇದು.

ಮೊಲೆ ಬಿಡಿಸುವುದು ತಾಯಿಯ ಕೆಲಸ

ಮನುಷ್ಯರು ತಟ್ಟೆ ಇಡುವ ಮೊದಲೂ ನಾಯಿಗಳು ಮರಿಗಳಿಗೆ ತಿನ್ನಲು ಕಲಿಸುತ್ತಿದ್ದವು. ತಾಯಿ ತಾನು ತಿಂದು ಬಂದದ್ದನ್ನು ಮರಿಗಳ ಮುಂದೆ ಕಾರುತ್ತದೆ. ಬಾಯಿಯ ಹತ್ತಿರ ಮೂತಿ ಉಜ್ಜಿ ನೆಕ್ಕುವ ಮರಿ ಕೇಳುವುದು ಅದನ್ನೇ. ಅರ್ಧ ಅರಗಿದ, ಬೆಚ್ಚಗಿನ, ಮೆತ್ತನೆಯ ಈ ಆಹಾರ ಮರಿಯ ಹೊಟ್ಟೆಗೆ ಚೆನ್ನಾಗಿ ಹಿಡಿಸುತ್ತದೆ. ಇದನ್ನು ಕಂಡು ತಾಯಿಗೆ ಕಾಯಿಲೆಯೆಂದು ಹೆದರುವುದಾಗಲಿ, ತೊಳೆದು ಹಾಕುವುದಾಗಲಿ ಬೇಡ.

ಭಾರತದ ಬೀದಿನಾಯಿಗಳ ಈ ಬದುಕನ್ನು ಕೋಲ್ಕತ್ತಾದ ಐಸರ್ ವಿಜ್ಞಾನ ಸಂಸ್ಥೆಯ ಸಂಶೋಧಕಿ ಅನಿಂದಿತಾ ಭದ್ರಾ ಮತ್ತು ಅವರ ತಂಡ ಬಂಗಾಳದ ಬೀದಿಗಳಲ್ಲೇ ನಿಂತು ನೋಡಿ ಬರೆದಿದೆ. ಮಾನಬಿ ಪಾಲ್ ಜೊತೆ ಅವರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಳನೆಯ ವಾರದ ಮೊದಲು ತಾಯಿ ಹಾಲು ನಿರಾಕರಿಸುವುದು ತೀರ ಕಡಿಮೆ. ಏಳರಿಂದ ಹದಿಮೂರನೆಯ ವಾರದವರೆಗೆ ತಾಯಿಗೂ ಮರಿಗೂ ಹಾಲಿಗಾಗಿ ಜಗ್ಗಾಟ ನಡೆಯುತ್ತದೆ. ಮರಿ ಬೆನ್ನು ಹತ್ತುತ್ತದೆ, ತಾಯಿ ಗುರುಗುಟ್ಟಿ ದೂರ ಸರಿಯುತ್ತದೆ. ಆಮೇಲೆ ಮರಿ ಕೇಳುವುದನ್ನೇ ಬಿಡುತ್ತದೆ. ಹತ್ತಿರದಲ್ಲಿ ಹಾಲಿರುವ ಇನ್ನೊಂದು ನಾಯಿ ಇದ್ದರೆ ಮರಿಗಳು ಅದರ ಹಾಲನ್ನೂ ಕದ್ದು ಕುಡಿಯುವುದನ್ನು ಇವರು ಕಂಡಿದ್ದಾರೆ. ತಾಯಿಗೆ ಮುಂದಿನ ಮರಿಗಳಿಗೂ ಶಕ್ತಿ ಉಳಿಸಿಕೊಳ್ಳಬೇಕು, ಈಗಿನ ಮರಿಗೆ ಆದಷ್ಟು ಹೆಚ್ಚು ಬೇಕು. ಈ ಜಗ್ಗಾಟಕ್ಕೆ ಕಾರಣ ಹೇಳುವ ಸಿದ್ಧಾಂತವನ್ನು ಅಮೆರಿಕದ ವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1974ರಲ್ಲೇ ಮುಂದಿಟ್ಟಿದ್ದರು.

ತಾಯಿ ಗುರುಗುಟ್ಟಿದರೆ ಅದು ಕೆಟ್ಟ ತಾಯಿಯಲ್ಲ. ಮರಿಗಳನ್ನು ಅದರಿಂದ ‘ಕಾಪಾಡಲು’ ಎತ್ತಿಕೊಂಡು ಹೋಗಬೇಕಿಲ್ಲ. ಎಲ್ಲಿ ನಿಲ್ಲಿಸಬೇಕು, ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬ ಪಾಠ ಮರಿಗೆ ಸಿಗುವುದು ಈ ಗದರಿಕೆಯಿಂದಲೇ.

ವಾರವಾರದ ಊಟ

ಮರಿಗಳಿಗೆ ಮೂರು ವಾರ ತುಂಬಿ, ನಾಲ್ಕು ಕಾಲಿನ ಮೇಲೆ ನಿಂತು, ತಾಯಿಯ ತಟ್ಟೆ ಮೂಸತೊಡಗಿದಾಗ ಶುರುಮಾಡಿ. ಅಂಚು ಕಡಿಮೆಯಿರುವ ಅಗಲ ತಟ್ಟೆ ಸಾಕು. ನಾಯಿಮರಿಗಳ ಸಿದ್ಧ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ, ಒಂದು ಪಾಲಿಗೆ ಮೂರು ಪಾಲು ನೀರು ಸೇರಿಸಿ, ಕಿವುಚಿ ತೆಳು ಅಂಬಲಿಯಂತೆ ಮಾಡಿ. ಉಗುರುಬೆಚ್ಚಗಾದ ಮೇಲೆ ಇಡಿ. ಬೆರಳಿಗೆ ಹಚ್ಚಿ ನೆಕ್ಕಿಸಿ, ಬೆರಳನ್ನು ಮೆಲ್ಲಗೆ ತಟ್ಟೆಗೆ ಇಳಿಸಿದರೆ ಮರಿ ಹಿಂಬಾಲಿಸುತ್ತದೆ. ಮೂತಿಯನ್ನು ತಟ್ಟೆಯಲ್ಲಿ ಅದುಮಬೇಡಿ, ಮೂಗಿಗೆ ಹೋಗುತ್ತದೆ. ಮೊದಲ ದಿನಗಳಲ್ಲಿ ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ಅದು ಸಹಜ.

ನಾಲ್ಕರಿಂದ ಐದನೆಯ ವಾರದಲ್ಲಿ ದಿನಕ್ಕೆ ಮೂರು-ನಾಲ್ಕು ಸಲ ಕೊಡಿ. ಊಟಕ್ಕೆ ಮೊದಲು ತಾಯಿಯನ್ನು ಸ್ವಲ್ಪ ಹೊತ್ತು ಬೇರೆಡೆ ಊಟಕ್ಕೆ ಕರೆದರೆ ಮರಿಗಳಿಗೆ ಹಸಿವಿರುತ್ತದೆ. ಆರನೆಯ ವಾರಕ್ಕೆ ನೀರು ಕಡಿಮೆ ಮಾಡಿ ಗಟ್ಟಿ ಮುದ್ದೆಯಂತೆ ಕಲಸಿ. ಏಳು-ಎಂಟನೆಯ ವಾರಕ್ಕೆ ಸಿದ್ಧ ಆಹಾರದ ಕಾಳುಗಳನ್ನು ಬರೀ ನೆನೆಸಿ ಕೊಟ್ಟರೆ ಸಾಕು. ಮೊದಲ ತಟ್ಟೆ ಇಟ್ಟ ದಿನದಿಂದಲೇ ಪಕ್ಕದಲ್ಲಿ ಕುಡಿಯುವ ನೀರೂ ಇರಲಿ.

ಸಿದ್ಧ ಆಹಾರ ಕೊಳ್ಳಲು ಆಗದವರು ಮೆತ್ತಗೆ ಬೇಯಿಸಿದ ಅನ್ನಕ್ಕೆ ಮೂಳೆ ತೆಗೆದು ಬೇಯಿಸಿ ನುರಿದ ಕೋಳಿ, ಬೇಯಿಸಿದ ಮೊಟ್ಟೆ ಕಲಸಬಹುದು. ಉಪ್ಪು, ಖಾರ, ಒಗ್ಗರಣೆ ಬೇಡ. ಆದರೆ ಅನ್ನ, ಮಾಂಸದಲ್ಲಿ ಸುಣ್ಣದಂಶ ಸಾಲದು. ಇದನ್ನೇ ತಿಂಗಳುಗಟ್ಟಲೆ ಕೊಟ್ಟರೆ ಬೆಳೆಯುವ ಕಾಲು ಸೊಟ್ಟಗಾಗುತ್ತದೆ, ಮೂಳೆ ಮುರಿಯುತ್ತದೆ. ಎಷ್ಟು, ಯಾವ ಪೂರಕ ಎಂದು ಪಶುವೈದ್ಯರನ್ನು ಕೇಳಿ.

ಊಟ ಹಿಡಿಯುತ್ತಿದೆಯೇ ಎಂದು ತಿಳಿಯಲು ತಕ್ಕಡಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಬೆಳೆದಾಗ ತೂಗುವ ಪ್ರತಿ ಕಿಲೋಗೆ ದಿನಕ್ಕೆ 2ರಿಂದ 4 ಗ್ರಾಂ ಏರಬೇಕು. ಬೆಳೆದು 20 ಕಿಲೋ ಆಗುವ ನಾಯಿಯ ಮರಿ ದಿನಕ್ಕೆ 40ರಿಂದ 80 ಗ್ರಾಂ ಏರಿದರೆ ಎಲ್ಲ ಸರಿಯಿದೆ. ತೂಕ ನಿಂತರೆ, ಇಳಿದರೆ ತಡಮಾಡಬೇಡಿ.

ತಾಯಿಯನ್ನು ಮರೆಯಬೇಡಿ. ಹಾಲೂಡುವ ನಾಯಿಗೆ ಎಂದಿನ ಎರಡು, ಮರಿ ಹೆಚ್ಚಿದ್ದರೆ ನಾಲ್ಕು ಪಟ್ಟು ಆಹಾರ ಬೇಕಾಗಬಹುದು. ಬೀದಿಯಲ್ಲಿ ಐದಾರು ಮರಿ ಸಾಕುವ ಬಡಕಲು ತಾಯಿಗೆ ಹಾಕಿದ ಊಟ ನೇರ ಮರಿಗಳಿಗೇ ತಲುಪುತ್ತದೆ. ಮೊದಲ ಮೂರು ವಾರ ನಾವು ಮಾಡಬಹುದಾದ ದೊಡ್ಡ ಉಪಕಾರ ಅದೇ. ಮರಿಗಳು ಮೊಲೆ ಬಿಡುತ್ತ ಬಂದ ಹಾಗೆ ತಾಯಿಯ ಊಟವನ್ನೂ ನಿಧಾನವಾಗಿ ಇಳಿಸಿ. ಹಠಾತ್ತನೆ ಮರಿಗಳನ್ನೆಲ್ಲ ಕಿತ್ತುಕೊಂಡರೆ ಹಾಲು ಕಟ್ಟಿ ಕೆಚ್ಚಲುಬಾವು ಬರಬಹುದು. ಮೊಲೆ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾಗಿದ್ದರೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಕೊಡಬಾರದ್ದು

ಸಾಂಬಾರು, ಪಲ್ಯ, ಗ್ರೇವಿಗಳಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗದು. ಶಿರಾ, ಲಾಡುಗಳಲ್ಲಿನ ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಲ್ಲದು. ಚಾಕೊಲೇಟು ಹೃದಯ, ನರಗಳಿಗೆ ವಿಷ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಮೀನಿನ ಪೇಟೆಯ, ಉಪ್ಪು ಹಾಕಿ ಒಣಗಿಸಿದ ಮೀನು ಮರಿಗೆ ತೀರ ಉಪ್ಪು. ಬಿಸ್ಕತ್ತಿನಲ್ಲಿ ಇರುವುದು ಮೈದಾ, ಸಕ್ಕರೆ. ಅದರಿಂದ ಹೊಟ್ಟೆ ತುಂಬಿದ ಮರಿ ಬೇಕಾದ ಊಟವನ್ನು ಮುಟ್ಟುವುದಿಲ್ಲ.

ಹುಳು, ನೀರು, ಲಸಿಕೆ

ಹೊಟ್ಟೆಯುಬ್ಬಿ, ಬೆನ್ನುಮೂಳೆ ಕಾಣುವ ಮರಿಗೆ ಊಟ ಹೆಚ್ಚಾಗಿಲ್ಲ, ಹುಳುವಾಗಿದೆ. ದುಂಡುಹುಳು ತಾಯಿಯ ಗರ್ಭದಲ್ಲೇ ಮರಿಗೆ ಸೇರುತ್ತದೆ, ಕೊಕ್ಕೆಹುಳು ಹಾಲಿನ ಮೂಲಕ ಬರುತ್ತದೆ. ಆದ್ದರಿಂದ ಎರಡನೆಯ ವಾರದಿಂದಲೇ, ಎರಡು ವಾರಕ್ಕೊಮ್ಮೆ ವೈದ್ಯರು ಹೇಳಿದ ಅಳತೆಯಲ್ಲಿ ಜಂತುಹುಳುವಿನ ಔಷಧಿ ಕೊಡಬೇಕು. ತಾಯಿಗೂ ಕೊಡಬೇಕು. ನಾಯಿಯ ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ಆಡುವ ಮಕ್ಕಳ ಹೊಟ್ಟೆಗೂ ಸೇರುತ್ತದೆ. ಮರಿಗೆ ಕೊಟ್ಟ ಔಷಧಿ ಕಾಲನಿಯ ಮಕ್ಕಳನ್ನೂ ಕಾಯುತ್ತದೆ.

ನೀರಿನ ಮಾತು ಕಳಂಬೋಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪಕ್ಕದ ತಳೋಜಾ ಕೈಗಾರಿಕಾ ಪ್ರದೇಶದಲ್ಲಿ 2017ರ ಆಗಸ್ಟಿನಲ್ಲಿ ನಾಯಿಗಳ ಮೈ ನೀಲಿಯಾಯಿತು. ಕಾರ್ಖಾನೆಯೊಂದರ ಬಣ್ಣದ ತ್ಯಾಜ್ಯ ಅದಕ್ಕೆ ಕಾರಣವಾಗಿತ್ತು. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಆ ಕಾರ್ಖಾನೆಯ ಮೇಲೆ ಕ್ರಮ ಕೈಗೊಂಡಿತು. ಮೊಲೆ ಬಿಡುವ ಮರಿ ಮೊದಲ ಬಾರಿ ಹೊರಗಿನ ನೀರು ಕುಡಿಯುತ್ತದೆ. ಚರಂಡಿಗೆ, ಗ್ಯಾರೇಜಿನ ಎಣ್ಣೆಗುಂಡಿಗೆ ಬಾಯಿ ಹಾಕದಂತೆ ನಲ್ಲಿ ನೀರಿನ ಮಣ್ಣಿನ ತಟ್ಟೆಯೊಂದನ್ನು ದಿನವೂ ತೊಳೆದು ತುಂಬಿಡಿ.

ತಾಯಿಯ ಹಾಲಿನಿಂದ ಬಂದ ರೋಗರಕ್ಷೆ ಕರಗುವುದೂ ಈ ವಾರಗಳಲ್ಲೇ. ರಕ್ತಭೇದಿಯಿಂದ ಕೊಲ್ಲುವ ಪಾರ್ವೊ, ಜ್ವರದಿಂದ ನರಕ್ಕೆ ಏರುವ ಡಿಸ್ಟೆಂಪರ್ ವಿರುದ್ಧ ಆರರಿಂದ ಎಂಟನೆಯ ವಾರದಲ್ಲಿ ಮೊದಲ ಲಸಿಕೆ, ಆಮೇಲೆ ಅದರ ಮುಂದಿನ ಡೋಸುಗಳು, ಸುಮಾರು ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು.

ಎಂಟು ವಾರದ ಗೆರೆ

ಐದು ವಾರದ ಮರಿ ತಟ್ಟೆ ನೆಕ್ಕಿ ಖಾಲಿ ಮಾಡುತ್ತದೆ. ‘ಈಗ ತಾನೇ ತಿನ್ನುತ್ತದೆ, ಒಯ್ಯಬಹುದು’ ಎಂದು ಅನ್ನಿಸುವುದು ಆಗಲೇ. ಆದರೆ ಮರಿ ನಾಯಿಯಾಗುವುದನ್ನು ಕಲಿಯುತ್ತಿರುವುದೂ ಆಗಲೇ. ಅಮೆರಿಕದ ವಿಜ್ಞಾನಿಗಳಾದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರಲ್ಲಿ ಪ್ರಕಟಿಸಿದ ದೀರ್ಘ ಅಧ್ಯಯನ, ಸುಮಾರು ಮೂರರಿಂದ ಹನ್ನೆರಡು ವಾರದ ನಡುವೆ ಮರಿ ತನ್ನವರೊಡನೆ, ಮನುಷ್ಯರೊಡನೆ ಬಾಳುವ ಬಗೆಯನ್ನು ಗಟ್ಟಿಮಾಡಿಕೊಳ್ಳುತ್ತದೆ ಎಂದು ತೋರಿಸಿತು. ಒಡಹುಟ್ಟಿದವರೊಡನೆ ಕಚ್ಚಾಡಿ ಆಡಿದ ಮರಿ ಹಲ್ಲಿನ ಹತೋಟಿ ಕಲಿಯುತ್ತದೆ. ಬೇಗನೆ ಕಿತ್ತು ತಂದ ಮರಿ ಮುಂದೆ ಅಂಜುಬುರುಕ, ಕಚ್ಚುಬುರುಕ ಆಗುವ ಸಾಧ್ಯತೆ ಹೆಚ್ಚು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಾಕಣೆ ನಿಯಮಗಳೂ ಹೇಳುತ್ತವೆ.

ಬೀದಿಯ ಮರಿಗಳ ಲೆಕ್ಕ ಕಠೋರ. ಭದ್ರಾ ಅವರ ತಂಡ 95 ಸೂಲುಗಳಲ್ಲಿ ಹುಟ್ಟಿದ 364 ಮರಿಗಳನ್ನು ಗಮನಿಸಿತು. ದೊಡ್ಡದಾಗಿ ಮರಿ ಹಾಕುವ ವಯಸ್ಸಿನವರೆಗೆ ಬದುಕಿದವು ನೂರಕ್ಕೆ 19 ಮಾತ್ರ. ಸಾವುಗಳಲ್ಲಿ ನೂರಕ್ಕೆ 63ರಲ್ಲಿ ಮನುಷ್ಯರ ಕೈ ಇತ್ತು. ಕಳಂಬೋಲಿಯಂಥ ಹೆದ್ದಾರಿ ಕೂಡುವ ಊರಿನಲ್ಲಿ, ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯ ಬಾಯಲ್ಲೇ ಬೆಳೆಯುವ ಮರಿಗೆ ಚಕ್ರದ ಭಯವೂ ಸೇರುತ್ತದೆ.

ಹೀಗಾಗಿ ಎಲ್ಲಿ ಊಟ ಇಡುತ್ತೇವೆ ಎಂಬುದೂ ಮುಖ್ಯ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಕಾಲನಿಯ ನಿವಾಸಿಗಳ ಸಂಘ ಊಟದ ಜಾಗ ಗೊತ್ತುಮಾಡಬೇಕು. ಅದು ಮಕ್ಕಳು ಆಡುವಲ್ಲಿ, ಮೆಟ್ಟಿಲಲ್ಲಿ, ಬಾಗಿಲಲ್ಲಿ ಇರಬಾರದು. ಲಾರಿ ನಿಲ್ಲುವ ಜಾಗದಿಂದ, ರಸ್ತೆಯಿಂದ ಒಳಗಿನ ಗೋಡೆಬದಿ ಮರಿಗಳಿಗೂ ಮನುಷ್ಯರಿಗೂ ಒಳ್ಳೆಯದು. ತಿಂದು ಮುಗಿದ ಮೇಲೆ ತಟ್ಟೆ ಎತ್ತಿ, ನೆಲ ತೊಳೆದರೆ ನೆರೆಯವರ ದೂರಿಗೂ ದಾರಿಯಿರುವುದಿಲ್ಲ.

ನಿಮ್ಮ ಕಟ್ಟಡದ ಕೆಳಗೆ, ನಿಮ್ಮ ಹೋಟೆಲಿನ ಹಿಂದೆ ನಾಯಿ ಮರಿ ಹಾಕಿದ್ದರೆ ಹುಟ್ಟಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮೂರು ವಾರ ತಾಯಿಗೆ ಉಣಿಸಿ, ಆಮೇಲೆ ಮರಿಗಳ ತಟ್ಟೆ ಇಡಿ, ಹುಳುವಿನ ಔಷಧಿ, ಲಸಿಕೆ ತಪ್ಪಿಸಬೇಡಿ. ಮರಿ ಬೇಕೆಂದು ಯಾರಾದರೂ ಕೇಳಿದರೆ ಎಂಟು ವಾರ ತುಂಬುವ ದಿನವನ್ನು ಹೇಳಿ ಕಳಿಸಿ. ಮರಿಗಳು ಮೊಲೆ ಬಿಟ್ಟ ಮೇಲೆ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ಪನ್ವೇಲ್ ಮಹಾನಗರ ಪಾಲಿಕೆಗೆ ತಿಳಿಸಿ. ಮುಂದಿನ ಚಳಿಗಾಲದಲ್ಲಿ ಸಾಯಲೆಂದೇ ಹುಟ್ಟುವ ಮರಿಗಳು ಕಡಿಮೆಯಾಗುವುದು ಹಾಗೆಯೇ.