ಬೇಕಾಗಿರುವುದು ಪಾಲುದಾರನೋ, ಬಂಡವಾಳವೋ?

ಮುಂಬಯಿಯಲ್ಲಿ ನಮ್ಮವರ ಹೋಟೆಲುಗಳ ಪೈಕಿ ಅನೇಕವು ಪಾಲುದಾರಿಕೆಯಲ್ಲಿ ಆರಂಭಗೊಂಡಂಥವು. ಒಬ್ಬರ ದುಡಿಮೆ, ಇನ್ನೊಬ್ಬರ ದುಡ್ಡು, ನಡುವೆ ಊರಿನ ಇಲ್ಲವೆ ನೆಂಟಸ್ತಿಕೆಯ ನಂಬಿಕೆ. ಇತ್ತೀಚೆಗೆ ಉಪನಗರದಲ್ಲಿ ಉಪಾಹಾರ ಗೃಹ ನಡೆಸುವ ಮಿತ್ರರೊಬ್ಬರು ನಮ್ಮ ಬ್ಯಾಂಕಿನ ಶಾಖೆಗೆ ಬಂದಿದ್ದರು. ಪಕ್ಕದ ಮಳಿಗೆಯನ್ನೂ ಸೇರಿಸಿ ವಿಸ್ತರಿಸಲು 10 ಲಕ್ಷ ರೂಪಾಯಿ ಬೇಕು; ಭಾವಮೈದುನ ಅಷ್ಟನ್ನೂ ಹಾಕಿ ಅರ್ಧ ಪಾಲಿಗೆ ಸೇರಲು ಸಿದ್ಧನಿದ್ದಾನೆ; ಸೇರಿಸಿಕೊಳ್ಳಲೇ ಎಂಬುದು ಅವರ ಪ್ರಶ್ನೆ.

ತಮಗೆ ಬೇಕಾಗಿರುವುದು ಹಣವೋ ಮನುಷ್ಯನೋ ಎಂದು ಕೇಳಿದೆ. ಹಣ ಮಾತ್ರವಾದರೆ ಲೆಕ್ಕ ಸುಲಭ. ಶೇ. 12ರ ಬಡ್ಡಿಯಲ್ಲಿ 10 ಲಕ್ಷವನ್ನು ಐದು ವರ್ಷಕ್ಕೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 22,250 ರೂಪಾಯಿ, ವರ್ಷಕ್ಕೆ 2 ಲಕ್ಷ 67 ಸಾವಿರ. ವರ್ಷದ ಲಾಭ 8 ಲಕ್ಷವೆಂದುಕೊಂಡರೆ ಅರ್ಧ ಪಾಲು 4 ಲಕ್ಷ. ಸಾಲ ಐದು ವರ್ಷಕ್ಕೆ ತೀರುತ್ತದೆ, ಪಾಲು ತೀರುವುದಿಲ್ಲ. ಆದರೆ ನಷ್ಟದ ವರ್ಷದಲ್ಲಿ ಕಂತು ಕಾಯುವುದಿಲ್ಲ, ಪಾಲುದಾರನಾದರೋ ನಷ್ಟದಲ್ಲಿಯೂ ಹೆಗಲು ಕೊಡಬೇಕು. ಅಡುಗೆಮನೆಯನ್ನೋ ಗಲ್ಲಾಪೆಟ್ಟಿಗೆಯನ್ನೋ ನಿಭಾಯಿಸಬಲ್ಲ ಮನುಷ್ಯನೇ ಬೇಕೆಂದಾದರೆ ವಿಚಾರ ಬೇರೆ.

ಹಾಗೆ ಸೇರಿಸಿಕೊಳ್ಳುವ ಮುನ್ನ 1932ರ ಭಾರತೀಯ ಪಾಲುದಾರಿಕೆ ಕಾಯಿದೆ ಏನೆನ್ನುತ್ತದೆಂದು ತಿಳಿದಿರಬೇಕು. ವ್ಯವಹಾರದ ಮಟ್ಟಿಗೆ ಪಾಲುದಾರನೊಬ್ಬನ ಸಹಿ ಉಳಿದವರೆಲ್ಲರನ್ನೂ ಕಟ್ಟಿಹಾಕುತ್ತದೆ. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಆತ ಹೋಟೆಲಿನ ಹೆಸರಿನಲ್ಲಿ ಎಣ್ಣೆ, ಅಕ್ಕಿ ಉದ್ದರಿ ತಂದರೆ ವರ್ತಕನು ಪೂರ್ತಿ ಬಾಕಿಯನ್ನು ತಮ್ಮೊಬ್ಬರಿಂದಲೇ ವಸೂಲು ಮಾಡಬಹುದು; ಹೋಟೆಲಿನ ಆಸ್ತಿ ಸಾಲದಿದ್ದರೆ ಮನೆಯವರೆಗೂ ಬರಬಹುದು. 2008ರ ಕಾಯಿದೆಯಂತೆ ಸೀಮಿತ ಹೊಣೆಯ ಪಾಲುದಾರಿಕೆ ಎಂಬ ದಾರಿಯೂ ಇದೆಯಾದರೂ, ಸಾಲ ಕೊಡುವಾಗ ಬ್ಯಾಂಕುಗಳು ಸಾಮಾನ್ಯವಾಗಿ ವೈಯಕ್ತಿಕ ಜಾಮೀನು ಕೇಳುತ್ತವೆ.

ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ ಲಾಭ ಸಮಪಾಲು, ದುಡಿಮೆಗೆ ಸಂಬಳವಿಲ್ಲ. ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆಯುವವನಿಗೂ ಊರಿನಲ್ಲಿ ಕುಳಿತವನಿಗೂ ಕಾನೂನು ಒಂದೇ ಲೆಕ್ಕ ಹಾಕುತ್ತದೆ. "ಭಾವಮೈದುನನ ಹತ್ತಿರ ಕಾಗದ ಕೇಳುವುದು ಹೇಗೆ ಸಾರ್, ಹೆಂಡತಿ ಏನೆಂದುಕೊಂಡಾಳು?" ಎಂದರು ಮಿತ್ರರು. ಈ ದಾಕ್ಷಿಣ್ಯವನ್ನು ನಾನು ಬಹಳ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಇಬ್ಬರು ಬಾಲ್ಯಸ್ನೇಹಿತರ ಹೋಟೆಲಿನ ಖಾತೆ ನಮ್ಮಲ್ಲಿತ್ತು. ತಿಂಗಳ ಕೊನೆಯ ದಿನ ಒಬ್ಬರು ಬಂದು, ತಮ್ಮೊಳಗೆ ವಿವಾದವಿದೆ, ಖಾತೆ ತಡೆಹಿಡಿಯಿರಿ ಎಂದು ಪತ್ರ ಕೊಟ್ಟರು. ಅಂಥ ಪತ್ರ ಬಂದಮೇಲೆ ಬ್ಯಾಂಕು ಒಬ್ಬರ ಸಹಿಯ ಮೇಲೆ ಹಣ ಕೊಡಲಾಗದು. ಸಂಜೆ ಹದಿನಾಲ್ಕು ಮಂದಿ ಕೆಲಸಗಾರರ ಸಂಬಳಕ್ಕೆ ಹಣವಿರಲಿಲ್ಲ. ಖಾತೆಯಲ್ಲಿ ಮಾತ್ರ ಸಾಕಷ್ಟಿತ್ತು. ಇನ್ನೊಬ್ಬ ಪಾಲುದಾರರು ಹೆಂಡತಿಯ ಬಳೆ ಅಡವಿಟ್ಟು ಅಂದಿನ ಮಾನ ಉಳಿಸಿಕೊಂಡರು. ಇಪ್ಪತ್ತು ವರ್ಷ ಒಟ್ಟಿಗೆ ಇದ್ದವರು ಒಂದು ತುಂಡು ಕರಾರನ್ನೂ ಬರೆದುಕೊಂಡಿರಲಿಲ್ಲ.

ಆದುದರಿಂದ ಕರಾರಿನಲ್ಲಿ ಹೊರಬೀಳುವ ದಾರಿಯನ್ನೇ ಮೊದಲು ಬರೆಯಿಸಬೇಕು: ಬಿಡುವವನ ಪಾಲಿಗೆ ಬೆಲೆ ಕಟ್ಟುವ ಕ್ರಮ, ಹಣ ಕೊಡುವ ಅವಧಿ, ಮಳಿಗೆ ಯಾರಿಗೆ ಎಂಬುದು. ಇಬ್ಬರೇ ಇದ್ದು ಒಬ್ಬರು ತೀರಿಕೊಂಡರೆ ಪಾಲುದಾರಿಕೆ ಅಲ್ಲಿಗೆ ಮುಗಿಯುತ್ತದೆ; ವಾರಸುದಾರರಿಗೆ ಏನು ಸಲ್ಲಬೇಕೆಂಬುದೂ ಇರಲಿ. ಸಂಸ್ಥೆಯನ್ನು ನೋಂದಾಯಿಸುವುದು ಕಡ್ಡಾಯವಲ್ಲ, ಆದರೆ ನೋಂದಾಯಿಸದ ಸಂಸ್ಥೆ ಕರಾರಿನಂತೆ ತನಗೆ ಬರಬೇಕಾದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು. ಅದರ ಮೇಲೆ ಅವರು ಹೂಡಬಹುದು.

ನಡುವಿನ ದಾರಿಯೊಂದಿದೆ. ನೌಕರನಿಗೆ ಸಂಬಳದೊಡನೆ ಲಾಭದಲ್ಲಿ ಭಾಗ ಕೊಟ್ಟ ಮಾತ್ರಕ್ಕೆ ಆತ ಪಾಲುದಾರನಾಗುವುದಿಲ್ಲ. ಮಿತ್ರರು ಮನೆಯವರೊಡನೆ ಮಾತನಾಡಿ ಕೊನೆಗೆ ಅದನ್ನೇ ಆರಿಸಿಕೊಂಡರು. ಭಾವಮೈದುನ ವ್ಯವಸ್ಥಾಪಕ, ಅವನ 4 ಲಕ್ಷ ಚೆಕ್ ಮೂಲಕ ಪಡೆದ ಬಡ್ಡಿಯ ಸಾಲ, ಮೂರು ವರ್ಷ ಕಳೆದ ಬಳಿಕ ಪಾಲಿನ ವಿಚಾರ. ಉಳಿದ 6 ಲಕ್ಷಕ್ಕೆ ಕಳೆದ ವಾರ ನಮ್ಮಲ್ಲಿ ಅರ್ಜಿ ಹಾಕಿದ್ದಾರೆ. ಆದಾಯ ತೆರಿಗೆಯ ಕಾಗದಗಳು ಇನ್ನೂ ಬರಬೇಕಾಗಿವೆ.